ಥ್ರಾಟಲ್ಲಿನ ಸಡಿಲತೆ ದೋಷವೇ?

ಮೋಟಾರು ಸೈಕಲ್ಲಿನ ಬಲಗೈ ಹಿಡಿಯನ್ನು ತಿರುವಿದೊಡನೆಯೇ ಎಂಜಿನು ಓಗೊಡಬೇಕು, ನಡುವೆ ಎಳ್ಳಷ್ಟೂ ಸಡಿಲತೆ ಇರಕೂಡದು ಎಂಬುದು ವಿದ್ಯಾರ್ಥಿಮಿತ್ರರಲ್ಲಿ ಅನೇಕರ ನಂಬಿಕೆ. ಹಿಡಿ ತುಸು ಸಡಿಲವಾಯಿತೆಂದರೆ ಸಾಕು, ಗ್ಯಾರೇಜಿಗೆ ಹೋಗಿ “ಪೂರಾ ಟೈಟ್ ಮಾಡಿ” ಎನ್ನುತ್ತಾರೆ. ಈ ನಂಬಿಕೆ ತಪ್ಪು ಮಾತ್ರವಲ್ಲ, ಅಪಾಯಕರವೂ ಹೌದೆಂದು ನಾವು ಭಾವಿಸುತ್ತೇವೆ.

ಹಿಡಿಯನ್ನು ಥ್ರಾಟಲ್ಲಿಗೆ ಜೋಡಿಸುವುದು ಒಂದು ಉಕ್ಕಿನ ತಂತಿ. ಅರ್ನೆಸ್ಟ್ ಮಾನಿಂಗ್‌ಟನ್ ಬೌಡೆನ್ ಎಂಬಾತ 1896ರಲ್ಲಿ ಪೇಟೆಂಟು ಪಡೆದ ಬಗೆಯ ಈ ಕೇಬಲ್ಲಿನಲ್ಲಿ, ಬಾಗಬಲ್ಲ ಕವಚದೊಳಗೆ ತಂತಿಯು ಜಾರುತ್ತದೆ. ತಂತಿಯನ್ನು ಎಳೆದಾಗ, ಘರ್ಷಣೆಯನ್ನು ಬಿಟ್ಟರೆ, ಅಷ್ಟೇ ಬಲವು ಕವಚವನ್ನು ಅದುಮುತ್ತದೆ. ಪಠ್ಯಪುಸ್ತಕದ ರಾಟೆಯ ಲೆಕ್ಕಗಳಲ್ಲಿ ಹಗ್ಗಕ್ಕೆ ಕವಚವಿಲ್ಲ. ಆದಕಾರಣ ಈ ಎರಡನೆಯ ಬಲ ಯಾರ ನೆನಪಿಗೂ ಬರುವುದಿಲ್ಲ. ಹೊಂದಾಣಿಕೆಯ ಮರ್ಮವಾದರೋ ಕವಚದಲ್ಲಿಯೇ ಇದೆ. ಅಡ್ಜಸ್ಟರನ್ನು ತಿರುಗಿಸಿದರೆ ತಂತಿ ಗಿಡ್ಡವಾಗುವುದಿಲ್ಲ. ಕವಚದ ಕೊನೆ ಹೊರಸರಿದು, ಕವಚವೇ ಉದ್ದವಾದಂತಾಗುತ್ತದೆ. ತಂತಿ ಇದ್ದಷ್ಟೇ ಇದೆ, ಅದು ಸಾಗಬೇಕಾದ ದಾರಿ ಬೆಳೆಯಿತು. ಸಡಿಲತೆ ಅಷ್ಟರಮಟ್ಟಿಗೆ ಕುಗ್ಗಿತು.

ಅದನ್ನು ಪೂರ್ತಿ ಕಳೆದರೇನಾಗುವುದು? ಹ್ಯಾಂಡಲ್ಲನ್ನು ಪಕ್ಕಕ್ಕೆ ಹೊರಳಿಸಿದಾಗ ಕೇಬಲ್ಲಿನ ಬಾಗು ಬದಲಾಗಿ ತಂತಿಗೆ ಒಂದಿಷ್ಟು ಜಗ್ಗು ಬೀಳಬಹುದು. ಆ ಜಗ್ಗನ್ನು ನುಂಗಿಕೊಳ್ಳಲು ಸಡಿಲತೆಯೇ ಇಲ್ಲದಿದ್ದರೆ, ಸವಾರನ ಅಪ್ಪಣೆಯಿಲ್ಲದೆ ಥ್ರಾಟಲು ತೆರೆಯುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ, ವೇಗ ತಗ್ಗಬೇಕಾದ ಹೊತ್ತಿಗೆ ಸರಿಯಾಗಿ, ಗಾಡಿ ಮುನ್ನುಗ್ಗುವುದು.

ಸ್ಕ್ರೂಗೇಜಿನ ತಿರುಪನ್ನು ಒಂದೇ ದಿಕ್ಕಿನಲ್ಲಿ ತಿರುಗಿಸಿರಿ, ಇಲ್ಲವಾದರೆ ಬ್ಯಾಕ್‌ಲ್ಯಾಶ್ ದೋಷ ತಲೆದೋರುತ್ತದೆ ಎಂದು ಪ್ರಯೋಗಶಾಲೆಯಲ್ಲಿ ನಾವು ಹೇಳುವುದುಂಟು. ಅಳತೆಯ ಉಪಕರಣಕ್ಕೆ ಆ ಮಾತು ಸಲ್ಲುತ್ತದೆ. ಅದನ್ನೇ ಕೇಳಿ ಕೇಳಿ ಹುಡುಗರು ಸಡಿಲತೆಯೆಲ್ಲವನ್ನೂ ದೋಷವೆಂದೇ ಎಣಿಸಿದರೆ ಆಶ್ಚರ್ಯವಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಹಲಗೆಯೊಂದರ ಮೇಲೆ ಹಳೆಯ ಹಿಡಿಯನ್ನೂ ಕೇಬಲ್ಲನ್ನೂ ಬಿಗಿದಿಟ್ಟರೆ, ಬಲಗಳ ಪಾಠ ಕಪ್ಪುಹಲಗೆಗಿಂತ ಚೆನ್ನಾಗಿ ನಡೆದೀತು. ಅದಕ್ಕೆ ಆಗುವ ವೆಚ್ಚವೂ ಹೆಚ್ಚಲ್ಲ.

ಅತಿ ಸಡಿಲವೂ ಕೇಡೇ. ಹಿಡಿಯಂಚಿನ ತ್ರಿಜ್ಯ 25 ಮಿ.ಮೀ. ಎಂದಿಟ್ಟುಕೊಳ್ಳೋಣ. ಅಂಚಿನಲ್ಲಿ 10 ಮಿ.ಮೀ. ಸಡಿಲವಿದ್ದರೆ ಅದು 0.4 ರೇಡಿಯನ್, ಅಂದರೆ ಸುಮಾರು 23 ಡಿಗ್ರಿ. ಅಷ್ಟು ದೂರ ಕೈ ಬರಿದೇ ತಿರುಗುತ್ತದೆ. ಆಮೇಲೆ ಎಂಜಿನು ಒಮ್ಮೆಗೇ ಜಗ್ಗುತ್ತದೆ. ಅನೇಕ ತಯಾರಕರ ಕೈಪಿಡಿಗಳು ಹೇಳುವ ಅಳತೆ 2ರಿಂದ 6 ಮಿ.ಮೀ.; ತಮ್ಮ ಗಾಡಿಯ ಅಳತೆಯನ್ನು ಅದರದೇ ಕೈಪಿಡಿಯಲ್ಲಿ ನೋಡತಕ್ಕದ್ದು.

ಕೆಲಸವೇನೋ ಸುಲಭ. ಲಾಕ್‌ನಟ್ಟನ್ನು ಸಡಿಲಿಸಿ, ಅಡ್ಜಸ್ಟರನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸುತ್ತ ಹಿಡಿಯಂಚಿನಲ್ಲಿ ಅಳೆದು, ನಟ್ಟನ್ನು ಮತ್ತೆ ಬಿಗಿಯಬೇಕು. ಅನಂತರದ ಪರೀಕ್ಷೆಯನ್ನು ಮಾತ್ರ ಬಿಡಲೇಕೂಡದು. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿ, ಎಂಜಿನು ಮೆಲ್ಲನೆ ಓಡುತ್ತಿರಲು, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ಹೊರಳಿಸಬೇಕು. ಸದ್ದು ಏರಿದರೆ ಬಿಗಿ ಹೆಚ್ಚಾಯಿತೆಂದೇ ತಿಳಿಯಬೇಕು, ಇಲ್ಲವೆ ಕೇಬಲ್ಲು ಎಲ್ಲಿಯೋ ಸಿಕ್ಕಿಕೊಂಡಿರಬೇಕು. ತಿರುವಿ ಬಿಟ್ಟ ಹಿಡಿ ತಾನಾಗಿಯೇ ಹಿಂದಕ್ಕೆ ಬಾರದಿದ್ದರೆ ಅದು ಸಡಿಲತೆಯ ಸಮಸ್ಯೆಯೇ ಅಲ್ಲ. ಅಡ್ಜಸ್ಟರಿನಿಂದ ಅದು ವಾಸಿಯಾಗದು. ತಂತಿಯ ಎಳೆಗಳು ಕಿತ್ತಿದ್ದರಂತೂ ಕೇಬಲ್ಲನ್ನೇ ಬದಲಿಸಬೇಕು. ಇತ್ತೀಚಿನ ಕೆಲವು ಗಾಡಿಗಳಲ್ಲಿ ಹಿಡಿಯ ತಿರುವನ್ನು ವಿದ್ಯುತ್ ಸಂವೇದಕವೇ ಅಳೆಯುವುದರಿಂದ ಈ ಕೇಬಲ್ಲೇ ಇರುವುದಿಲ್ಲ. ಅಂಥವನ್ನು ಸ್ಪಾನರ್ ಹಿಡಿದು ಬಿಚ್ಚಹೊರಡುವುದು ಬೇಡ.