ಮದುವೆ ವಿಡಿಯೋಗೆ ಯಾರ ಹಾಡು?



ಮಗಳ ಮದುವೆ ಮುಗಿಸಿ ಉಸ್ಸೆಂದು ಕುಳಿತ ತಾಯಂದಿರ ಕಾಗದಗಳಲ್ಲಿ ಈಚೆಗೆ ಹೊಸದೊಂದು ಗೋಳು ಸೇರಿಕೊಂಡಿದೆ. ಬೀಗರ ಕೊಂಕು, ಛತ್ರದ ಬಿಲ್ಲು, ಅಡುಗೆಯವರ ತಕರಾರು ಇವೆಲ್ಲ ಹಳೆಯವು. ಈಗಿನದು ವಿಡಿಯೋ ಹಾಡಿನ ಗೋಳು.

ಮಲೆನಾಡಿನ ಓದುಗರೊಬ್ಬರು ಬರೆಯುತ್ತಾರೆ. ಪರದೇಶದಲ್ಲಿರುವ ಮಗ, ಸೊಸೆ ನೋಡಲೆಂದು ಮಗಳ ಮದುವೆಯ ವಿಡಿಯೋವನ್ನು ಯೂಟ್ಯೂಬಿಗೆ ಹಾಕಿಸಿದರಂತೆ. ಸಿನಿಮಾ ಹಾಡು ಸೇರಿಸಿದ್ದ ಕಡೆಯೆಲ್ಲ ಧ್ವನಿಯೇ ಬಂದ್! ಅಷ್ಟಾದರೂ ಹೋಗಲಿ ಎನ್ನಬಹುದಿತ್ತು. ಮದುಮಗಳನ್ನು ಹಸೆಗೆ ಕರೆಯುವಾಗ ಇವರ ಅತ್ತೆಯವರು ನಡುಗುವ ದನಿಯಲ್ಲಿ ಹಾಡಿದ ಸೋಬಾನೆಯನ್ನು ತೆಗೆದು, ಅಲ್ಲಿಯೂ ಸಿನಿಮಾ ಹಾಡನ್ನೇ ಕೂರಿಸಿದ್ದಾನೆ ವಿಡಿಯೋದವನು. ಮೂಲ ಚಿತ್ರೀಕರಣ ಕೊಡಪ್ಪಾ ಎಂದರೆ, 'ಆಗಲೇ ಅಳಿಸಿಬಿಟ್ಟೆ ಮೇಡಂ' ಎಂದನಂತೆ. ಅತ್ತೆಯವರು ಈಗ ಇಲ್ಲ. 'ದುಡ್ಡು ಕೊಟ್ಟು ತಂದ ಸಿ.ಡಿ.ಯ ಹಾಡು ತಾನೇ? ಅದನ್ನು ಹಾಕಿದ್ದೂ ತಪ್ಪೇ?' ಎಂಬುದು ಇವರ ಪ್ರಶ್ನೆ.

ಸಿ.ಡಿ. ಕೊಂಡರೆ ಹಾಡನ್ನು ಕೇಳುವ ಹಕ್ಕು ಬಂತು, ಅಷ್ಟೆ. ಹಾಡು ನಮ್ಮದಾಗಲಿಲ್ಲ. ಒಂದೇ ಹಾಡಿಗೆ ಸಾಮಾನ್ಯವಾಗಿ ಮೂರು ಬಗೆಯ ಹಕ್ಕುಗಳಿರುತ್ತವೆ: ಸಾಹಿತ್ಯದ್ದು ಒಂದು, ರಾಗಸಂಯೋಜನೆಯದ್ದು ಇನ್ನೊಂದು, ಧ್ವನಿಮುದ್ರಣದ್ದು ಮತ್ತೊಂದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ ಈ ಮೂರನ್ನೂ ಬೇರೆ ಬೇರೆಯಾಗಿಯೇ ಕಾಯುತ್ತದೆ.

ಹಾಗಾದರೆ ಮದುವೆಮನೆಯಲ್ಲಿ ಹಾಡು ಹಾಕಲೇಬಾರದೇ? ಖಂಡಿತ ಹಾಕಬಹುದು. ಅದೇ ಕಾಯಿದೆಯ 52ನೇ ಸೆಕ್ಷನ್ನಿನಲ್ಲಿ ಧಾರ್ಮಿಕ ಸಮಾರಂಭಗಳಿಗೆ ವಿನಾಯಿತಿ ಇದೆ. ಮದುವೆಯ ಮೆರವಣಿಗೆ, ಮದುವೆಗೆ ಸೇರಿದ ಇತರ ಸಂಭ್ರಮಗಳೂ ಅದರೊಳಗೇ ಬರುತ್ತವೆಂದು ಅಲ್ಲಿ ಬಿಡಿಸಿ ಹೇಳಿದೆ. ಇಂಥ ಸಮಾರಂಭಗಳಲ್ಲಿ ಹಾಡಿಗೆ ಶುಲ್ಕ ಕೇಳುವುದು ಸಲ್ಲದೆಂದು ಕೇಂದ್ರ ಸರ್ಕಾರವೂ 2023ರ ಜುಲೈಯಲ್ಲಿ ಪ್ರಕಟಣೆ ಹೊರಡಿಸಿತು. ಗೋವಾ ಸರ್ಕಾರ 2024ರ ಜನವರಿಯಲ್ಲಿ ಇದೇ ವಿಷಯವಾಗಿ ಹೊರಡಿಸಿದ ಸುತ್ತೋಲೆಯನ್ನು ಬಾಂಬೆ ಹೈಕೋರ್ಟು ಅದೇ ವರ್ಷ ರದ್ದು ಮಾಡಿತು, ನಿಜ. ಆದರೆ ರದ್ದಾದದ್ದು ಸುತ್ತೋಲೆ. ಕಾಯಿದೆಯಲ್ಲಿರುವ ವಿನಾಯಿತಿ ಇದ್ದಹಾಗೇ ಇದೆ.

ಇಲ್ಲೇ ನಾವು ಎಡವುವುದು. ಚಪ್ಪರದ ಕೆಳಗೆ ಹಾಡು ಕೇಳಿಸುವುದು ಬೇರೆ, ಆ ಹಾಡನ್ನು ವಿಡಿಯೋಗೆ ಅಂಟಿಸಿ ಲೋಕಕ್ಕೆಲ್ಲ ತೋರಿಸುವುದು ಬೇರೆ. ಆ ವಿನಾಯಿತಿ ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಯೂಟ್ಯೂಬಿನಲ್ಲಿ ಹಾಡುಗಳ ಗುರುತು ಹಿಡಿಯುವ ಯಂತ್ರವ್ಯವಸ್ಥೆಯೇ ಇದೆ. ಹಕ್ಕುದಾರರು ಮೊದಲೇ ಹೇಳಿಟ್ಟಂತೆ ಅದು ವಿಡಿಯೋವನ್ನು ತಡೆಯಬಹುದು, ಇಲ್ಲವೆ ಜಾಹೀರಾತಿನ ಹಣ ಅವರಿಗೆ ಹೋಗುವಂತೆ ಮಾಡಬಹುದು. ಧ್ವನಿ ಅಡಗುವುದೂ ಉಂಟು.

ಇನ್ನು ನಮ್ಮಲ್ಲಿ ಬಾಯಿಂದ ಬಾಯಿಗೆ ಹರಿದಾಡುವ ಕೆಲವು ಮಾತುಗಳನ್ನು ನೋಡೋಣ.

'ಮೂವತ್ತು ಸೆಕೆಂಡಾದರೆ ಪರವಾಗಿಲ್ಲವಂತೆ.' ಅಂಥ ಲೆಕ್ಕ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ.

'ಕೆಳಗೆ ಕವಿಯ, ಗಾಯಕರ ಹೆಸರು ಹಾಕಿದರೆ ಸಾಕಂತೆ.' ಹೆಸರು ಹಾಕುವುದು ಸೌಜನ್ಯ. ಅದು ಅನುಮತಿಯಾಗದು.

'ನಾವೇ ಹಾಡಿಕೊಂಡರೆ ಯಾರ ಹಂಗು?' ಸಿನಿಮಾ ಹಾಡನ್ನು ನೀವೇ ಹಾಡಿ ವಿಡಿಯೋ ಮಾಡಿದರೆ ಧ್ವನಿಮುದ್ರಣದ ತಂಟೆ ತಪ್ಪಿತು. ಸಾಹಿತ್ಯ, ಸಂಗೀತದ ಹಕ್ಕು ಹಾಗೇ ಉಳಿಯಿತಲ್ಲ!

'ಹಳೆಯ ಹಾಡಿಗೆ ಹಕ್ಕೆಲ್ಲಿಯದು?' ಕವಿ ತೀರಿಕೊಂಡ ವರ್ಷದ ನಂತರ ಅರವತ್ತು ವರ್ಷ ಸಾಹಿತ್ಯದ ಹಕ್ಕು ಇರುತ್ತದೆ. 'ಮೈಸೂರ ಮಲ್ಲಿಗೆ' 1942ರ ಪುಸ್ತಕವಾದರೂ ಕೆ.ಎಸ್. ನರಸಿಂಹಸ್ವಾಮಿಯವರು ತೀರಿಕೊಂಡದ್ದು 2003ರಲ್ಲಿ. ಆದ್ದರಿಂದ ಹಕ್ಕು 2063ರ ಕೊನೆಯವರೆಗೆ ಉಂಟು. ಧ್ವನಿಮುದ್ರಣಕ್ಕಾದರೆ ಅದು ಹೊರಬಂದ ವರ್ಷದ ನಂತರ ಅರವತ್ತು ವರ್ಷ. ಪುರಂದರದಾಸರ ಪದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಅದೇ ಪದವನ್ನು ಈಚಿನ ಗಾಯಕರು ಹಾಡಿದ ಸಿ.ಡಿ.ಯಿಂದ ತೆಗೆದುಕೊಂಡರೆ ಆ ಮುದ್ರಣಕ್ಕೆ ಒಡೆಯರಿದ್ದಾರೆ, ನೆನಪಿರಲಿ.

ಮಹಿಳಾ ಸಮಾಜದವರೂ ಕೇಳಿದ್ದಾರೆ. ಹವ್ಯಾಸಕ್ಕೆಂದು ಹಾಡುವ ನಿಮ್ಮಂಥ ಸಂಘದವರು ಟಿಕೆಟ್ಟಿಲ್ಲದೆ ಕಾರ್ಯಕ್ರಮ ನಡೆಸಿದರೆ, ಅಥವಾ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವಾಗಿ ಹಾಡಿದರೆ, ಕಾಯಿದೆ ಅಡ್ಡಿಮಾಡದು. ಟಿಕೆಟ್ಟಿಟ್ಟು ವಾದ್ಯಗೋಷ್ಠಿ ನಡೆಸುವುದಾದರೆ ಮಾತು ಬೇರೆ. ಸಾಹಿತ್ಯ, ಸಂಗೀತಕ್ಕೆ ಐ.ಪಿ.ಆರ್.ಎಸ್. ಎಂಬ ಸಂಸ್ಥೆಯನ್ನು ವಿಚಾರಿಸಿ ಪರವಾನಗಿ ಪಡೆಯಬೇಕು. ಸಿ.ಡಿ. ಹಾಕುವುದಾದರೆ ಧ್ವನಿಮುದ್ರಣದ ಹಕ್ಕುದಾರರನ್ನೂ ಕೇಳಬೇಕು. ಕಾಯಿದೆ ಮುರಿದರೆ ಶಿಕ್ಷೆ ಸಾಮಾನ್ಯದ್ದಲ್ಲ: ಆರು ತಿಂಗಳಿಂದ ಮೂರು ವರ್ಷದ ತನಕ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿ ತನಕ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ಇದನ್ನು ಕಡಿಮೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಹಾಗೆಂದು ಧೈರ್ಯವಾಗಿ ಮುರಿಯಬಹುದು ಎಂದಲ್ಲ!

ಮುಂದೆ ಮದುವೆ ಇಟ್ಟುಕೊಂಡಿರುವವರು ವಿಡಿಯೋದವನಿಗೆ ಮುಂಗಡ ಕೊಡುವ ದಿನವೇ ಈ ನಾಲ್ಕು ಮಾತನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

1. ಊರಿಗೆಲ್ಲ ತೋರಿಸುವ ವಿಡಿಯೋದಲ್ಲಿ ಅನುಮತಿ ಇರುವ ಸಂಗೀತವನ್ನೇ ಬಳಸಬೇಕು. ಯೂಟ್ಯೂಬಿನವರದೇ ಸಂಗೀತ ಭಂಡಾರವೊಂದಿದೆ, ಅದಕ್ಕೆ ಶುಲ್ಕವಿಲ್ಲ. ಕೆಲವಕ್ಕೆ ಹೆಸರು ಹಾಕಬೇಕೆಂಬ ಷರತ್ತುಂಟು, ಓದಿಕೊಳ್ಳಿ.

2. ಬೇರೆ ಹಾಡೇ ಬೇಕೆಂದರೆ ಅನುಮತಿ ತರುವವರು ಯಾರು, ಅದರ ಖರ್ಚು ಯಾರದು ಎಂಬುದು ಮೊದಲೇ ತೀರ್ಮಾನವಾಗಲಿ.

3. ಮಂತ್ರ, ವಾಲಗ, ಹೆಂಗಸರ ಹಾಡು, ಮನೆಯವರ ಮಾತು ಇವುಗಳ ಮೇಲೆ ಬೇರೆ ಸಂಗೀತ ಹೇರಬಾರದು.

4. ಕತ್ತರಿಸದ ಮೂಲ ಚಿತ್ರೀಕರಣ, ಮೂಲ ಧ್ವನಿಸಮೇತ, ನಿಮ್ಮ ಕೈ ಸೇರುವವರೆಗೆ ಕಡೆಯ ಕಂತು ಕೊಡಬೇಡಿ.

ಹಣ ಖರ್ಚಿಲ್ಲದ ಇನ್ನೊಂದು ದಾರಿಯೂ ಇದೆ. ನಮ್ಮ ಹಿರಿಯರಿಂದ ಬಾಯಿಪಾಠವಾಗಿ ಬಂದ ಸೋಬಾನೆ, ಆರತಿ ಹಾಡು, ಉರುಟಣೆ ಹಾಡುಗಳಿಗೆ ಯಾರ ಪರವಾನಗಿಯೂ ಬೇಡ. ಮನೆಯ ಹೆಂಗಸರೇ ಹಾಡಲಿ, ಅದನ್ನೇ ವಿಡಿಯೋಗೆ ಬಳಸಿ. ಶ್ರುತಿ ಸ್ವಲ್ಪ ಆಚೀಚೆಯಾದರೆ ಆಗಲಿ ಬಿಡಿ. ಅದಕ್ಕಾಗಿ ಮದುವೆಯ ದಿನವನ್ನೇ ಕಾಯಬೇಕಾಗಿಲ್ಲ. ಈ ಭಾನುವಾರ ಕೆಲಸ ಮುಗಿದ ಮೇಲೆ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೂರಿಸಿಕೊಂಡು, ಕೈಯಲ್ಲಿರುವ ಫೋನಿನಲ್ಲೇ ನಾಲ್ಕು ಹಾಡು ಹಿಡಿದಿಡಿ. ಹಾಡಿದವರ ಹೆಸರು, ಊರು, ತಾರೀಖನ್ನೂ ಬರೆದಿಡಿ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದನ್ನು ತಂಗಿಗೋ ಮಗಳಿಗೋ ಕೊಟ್ಟಿರಿ.