ದುಬೈಯಲ್ಲೇ ಇರುವುದೋ, ಶಾರ್ಜಾಕ್ಕೋ, ಊರಿಗೋ? ಲೆಕ್ಕ ತಪ್ಪುವುದು ಎಲ್ಲಿ

ದುಬೈ: ಬಾಡಿಗೆ ಏರಿಕೆಯ ನೋಟಿಸ್ ಕೈಗೆ ಬಂದ ದಿನ ಅನೇಕ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು ಶುರುವಾಗುತ್ತದೆ. ಇಲ್ಲೇ ಇರುವುದೋ, ಶಾರ್ಜಾ ಅಥವಾ ಅಜ್ಮಾನ್‌ಗೆ ಮನೆ ಬದಲಿಸುವುದೋ, ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಬೆಡ್ ಸ್ಪೇಸ್ ಹಿಡಿಯುವುದೋ, ಇಲ್ಲ ಎಲ್ಲರೂ ಒಟ್ಟಿಗೇ ಊರು ಸೇರುವುದೋ? ಬಹುತೇಕರು ಸಂಬಳದಲ್ಲಿ ಬಾಡಿಗೆ ಕಳೆದು, ಉಳಿದದ್ದನ್ನು ನೋಡಿ ತೀರ್ಮಾನಕ್ಕೆ ಬರುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ.

ಮೊದಲು ನೋಟಿಸನ್ನೇ ಸರಿಯಾಗಿ ಓದಬೇಕು. ದುಬೈಯಲ್ಲಿ ಬಾಡಿಗೆ ಏರಿಸುವುದಾದರೆ ಒಪ್ಪಂದ ಮುಗಿಯುವ ಕನಿಷ್ಠ 90 ದಿನ ಮೊದಲು ತಿಳಿಸಬೇಕು. ಎಷ್ಟು ಏರಿಸಬಹುದು ಅನ್ನುವುದಕ್ಕೂ 2013ರ ಆದೇಶದಲ್ಲಿ ಮಿತಿ ಇದೆ. ಈಗಿನ ಬಾಡಿಗೆ ಸೂಚ್ಯಂಕಕ್ಕಿಂತ ಶೇ.10ರವರೆಗೆ ಮಾತ್ರ ಕಡಿಮೆ ಇದ್ದರೆ ಒಂದು ದಿರ್ಹಂ ಕೂಡ ಏರಿಸುವಂತಿಲ್ಲ. ಶೇ.11ರಿಂದ 20 ಕಡಿಮೆ ಇದ್ದರೆ ಶೇ.5ರವರೆಗೆ ಏರಿಸಬಹುದು. ಶೇ.40ಕ್ಕಿಂತ ಹೆಚ್ಚು ಕಡಿಮೆ ಇದ್ದರೂ ಏರಿಕೆ ಶೇ.20 ದಾಟುವಂತಿಲ್ಲ. 2025ರ ಜನವರಿಯಿಂದ ಹೊಸ ಸ್ಮಾರ್ಟ್ ಬಾಡಿಗೆ ಸೂಚ್ಯಂಕ ಬಂದಿದ್ದು, ಭೂ ಇಲಾಖೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಇದನ್ನು ನೋಡದೆ, ಮಾಲೀಕರ ಒಂದು ಮಾತಿಗೆ ಹೆದರಿ ಮನೆ ಖಾಲಿ ಮಾಡುವುದು ಅವಸರದ ಕೆಲಸ.

ಉಳಿತಾಯ ಗಂಟೆಗೆ ಎಷ್ಟು?

ಶಾರ್ಜಾಕ್ಕೆ ಹೋದರೆ ತಿಂಗಳಿಗೆ 1,500 ದಿರ್ಹಂ ಬಾಡಿಗೆ ಉಳಿಯುತ್ತದೆ ಅಂದುಕೊಳ್ಳಿ. ಸ್ವಂತ ಕಾರಿನಲ್ಲಿ ಓಡಾಡುವವರಿಗೆ ಕೆಲಸದ ದಿನ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8ರ ನಡುವೆ ಸಾಲಿಕ್ ಗೇಟಿಗೆ 6 ದಿರ್ಹಂ. ಹೋಗಲು ಎರಡು, ಬರಲು ಎರಡು ಗೇಟ್ ಸಿಕ್ಕರೆ ದಿನಕ್ಕೆ 24, 22 ದಿನಕ್ಕೆ 528 ದಿರ್ಹಂ. ಹೆಚ್ಚುವರಿ ಪೆಟ್ರೋಲಿಗೆ 400 ಹಿಡಿದರೆ ಕೈಯಲ್ಲಿ ಉಳಿಯುವುದು 572. ರಸ್ತೆಯಲ್ಲಿ ದಿನಕ್ಕೆ ಮೂರು ಗಂಟೆ ಹೆಚ್ಚು ಹೋದರೆ ತಿಂಗಳಿಗೆ 66 ಗಂಟೆ. ಅಂದರೆ ಒಂದು ಗಂಟೆಯನ್ನು 9 ದಿರ್ಹಂಗೂ ಕಡಿಮೆಗೆ ಮಾರಿದ ಹಾಗಾಯಿತು. ಆ ಗಂಟೆ ಮಕ್ಕಳ ಜೊತೆ ಊಟ ಮಾಡುವ ಗಂಟೆ. ಅಪ್ಪ ಹೊರಡುವಾಗಲೂ ಮಕ್ಕಳಿಗೆ ನಿದ್ದೆ, ಬರುವಾಗಲೂ ನಿದ್ದೆ ಅಂದರೆ ಕುಟುಂಬವನ್ನು ಇಲ್ಲಿ ಇಟ್ಟುಕೊಂಡು ಏನು ಪ್ರಯೋಜನ?

ಹಾಗಂತ ಶಾರ್ಜಾ ತಪ್ಪು ಅಂತಲ್ಲ. ಕೆಲಸದ ಹೊತ್ತು ಬೇರೆ ಇರುವವರಿಗೆ, ಕಂಪನಿ ಬಸ್ ಇರುವವರಿಗೆ, ಬಾಡಿಗೆ ವ್ಯತ್ಯಾಸ ಇನ್ನೂ ದೊಡ್ಡದಿರುವವರಿಗೆ ಅದೇ ಲೆಕ್ಕ ಸರಿಹೋಗುತ್ತದೆ. ಆದರೆ ಮನೆ ಬದಲಿಸುವ ಮೊದಲು ಒಂದು ವಾರ ಆ ದಾರಿಯಲ್ಲಿ ಅದೇ ಹೊತ್ತಿಗೆ ಓಡಾಡಿ ನೋಡುವುದು ಒಳ್ಳೆಯದು.

ಕುಟುಂಬವನ್ನು ಊರಿಗೆ ಕಳಿಸುವ ಮುನ್ನ

"ಸ್ವಲ್ಪ ದಿನ ಊರಲ್ಲಿರಲಿ, ಆಮೇಲೆ ನೋಡೋಣ" ಅನ್ನುವವರು ನೆನಪಿಡಬೇಕಾದ್ದು: ಸಾಮಾನ್ಯ ರೆಸಿಡೆನ್ಸ್ ವೀಸಾದವರು 180 ದಿನಕ್ಕಿಂತ ಹೆಚ್ಚು ಯುಎಇಯಿಂದ ಹೊರಗಿದ್ದರೆ ವೀಸಾ ಊರ್ಜಿತವಾಗಿ ಉಳಿಯುವುದಿಲ್ಲ. ಮತ್ತೆ ಕರೆಸಬೇಕಾದರೆ 4,000 ದಿರ್ಹಂ ಸಂಬಳ, ಅಥವಾ 3,000 ಜೊತೆಗೆ ವಸತಿ, ಮತ್ತು ಬಾಡಿಗೆ ಒಪ್ಪಂದ ತೋರಿಸಬೇಕು. ಬೆಡ್ ಸ್ಪೇಸ್‌ನಲ್ಲಿರುವವರಿಗೆ ಇದು ಸುಲಭವಲ್ಲ. ಇಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಮಾರ್ಚ್ ಪರೀಕ್ಷೆ ಮುಗಿಸಿ ಹೊರಟರೆ ಮಕ್ಕಳಿಗೆ ವರ್ಷ ಹಾಳಾಗದು.

ಎಲ್ಲರೂ ಒಟ್ಟಿಗೆ ಮರಳುವವರ ದೊಡ್ಡ ನಂಬಿಕೆ ಗ್ರಾಚ್ಯುಟಿ. ಮೊದಲ ಐದು ವರ್ಷ ವರ್ಷಕ್ಕೆ 21 ದಿನ, ನಂತರ 30 ದಿನದ ಸಂಬಳ. ಆದರೆ ಅದು ಮೂಲ ವೇತನದ ಮೇಲೆ ಮಾತ್ರ. ಒಟ್ಟು 8,000, ಮೂಲ ವೇತನ 4,000 ಇರುವವರಿಗೆ ಹತ್ತು ವರ್ಷಕ್ಕೆ 255 ದಿನ, ಅಂದರೆ 34,000 ದಿರ್ಹಂ. 68,000 ಬರುತ್ತದೆ ಅಂತ ಊರಲ್ಲಿ ಮನೆ ಕೆಲಸ ಶುರು ಮಾಡಿದವರಿಗೆ ಅರ್ಧಕ್ಕೇ ನಿಲ್ಲುವ ಗೋಡೆ ಗತಿ. ಕರಾರು ಪತ್ರದಲ್ಲಿ ಮೂಲ ವೇತನ ಎಷ್ಟು ಬರೆದಿದೆ ಅಂತ ಇವತ್ತೇ ನೋಡಿಕೊಳ್ಳಿ. ಕಾಯಂ ಆಗಿ ಮರಳಿದ ಮೇಲೆ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ಅದರ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿಯೂ ಅಲ್ಲಿಗೆ ಮುಗಿಯಿತು.

ಇನ್ನು ಮರಳುವುದು ಎಲ್ಲಿಗೆ? ಉಡುಪಿಗೋ ಕುಂದಾಪುರಕ್ಕೋ ಹೋದರೆ ಸ್ವಂತ ಮನೆ, ತೆಂಗಿನ ತೋಟ, ಅಪ್ಪ ಅಮ್ಮ ಇರಬಹುದು, ಇಲ್ಲಿನಂಥ ಕೆಲಸ ಸಿಗುವುದು ಕಷ್ಟ. ಕೆಲಸಕ್ಕಾಗಿ ಬೆಂಗಳೂರು ಸೇರಿದರೆ ಮತ್ತದೇ ಬಾಡಿಗೆ, ಅದೇ ಟ್ರಾಫಿಕ್. ಅದು ನಗರ ಬಿಟ್ಟಂತಲ್ಲ, ನಗರ ಬದಲಿಸಿದಂತೆ.

ಹಾಗಾಗಿ ಈ ಮಾತು ನೋಟಿಸ್ ಬಂದ ರಾತ್ರಿಯ ಬಿಸಿಯಲ್ಲಿ ಆಗಬಾರದು. ಒಪ್ಪಂದ ಮುಗಿಯಲು ಆರು ತಿಂಗಳಿರುವಾಗಲೇ, ಒಂದು ರಜೆ ದಿನ ಗಂಡ ಹೆಂಡತಿ ಕೂತು, ದಿರ್ಹಂ ಒಂದು ಕಡೆ, ಗಂಟೆ ಇನ್ನೊಂದು ಕಡೆ ಬರೆದು ನೋಡಲಿ. ದೊಡ್ಡ ಮಕ್ಕಳಿದ್ದರೆ ಅವರನ್ನೂ ಕೇಳಲಿ. ಅವರ ಶಾಲೆ, ಅವರ ಗೆಳೆಯರು ಇರುವುದೂ ಇಲ್ಲೇ ತಾನೇ.