ಕುರ್ಚಿಗೂ ಬಾಡಿಗೆ
ಅಮೆರಿಕದ ಟಲ್ಸಾದಂಥ ಮಧ್ಯಮ ಗಾತ್ರದ ಊರಿನಲ್ಲಿ ಮನೆ ಬಾಡಿಗೆ ನ್ಯೂಯಾರ್ಕಿಗಿಂತ ಎಷ್ಟೋ ಅಗ್ಗ. ಹಾಗೆಂದು ಅಲ್ಲಿನ ಕ್ಷೌರಿಕ ಹಾಯಾಗಿದ್ದಾನೆ ಎಂದುಕೊಳ್ಳಬೇಡಿ. ಟಲ್ಸಾ ಇರುವ ಒಕ್ಲಹೋಮಾ ರಾಜ್ಯದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ಕೂತಿದೆ. ಬಹಳ ಅಂಗಡಿಗಳಲ್ಲಿ ಅವನಿಗೆ ಅದೂ ಅನ್ವಯಿಸದು. ಏಕೆಂದರೆ ಅವನು ಸಂಬಳದ ಆಳೇ ಅಲ್ಲ, ಗಿರಾಕಿಯನ್ನು ಕೂರಿಸುವ ಕುರ್ಚಿಗೆ ವಾರವಾರ ಬಾಡಿಗೆ ಕಟ್ಟುವವನು. ಹಿಮ ಬಿದ್ದು ಒಂದು ತಲೆಯೂ ಬರದಿದ್ದರೂ ಆ ದುಡ್ಡು ಎಣಿಸಲೇಬೇಕು. ಕತ್ತರಿ, ಟ್ರಿಮ್ಮರ್, ಬ್ಲೇಡು, ಆರೋಗ್ಯ ವಿಮೆ ಎಲ್ಲ ಕೈಯಿಂದಲೇ. ಸ್ವಂತ ದುಡಿಮೆಯವನೆಂದು ಸಾಮಾಜಿಕ ಭದ್ರತೆ, ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆಯಲ್ಲಿ ಮಾಲೀಕನದು, ಕೆಲಸಗಾರನದು ಎರಡೂ ಪಾಲು, ಶೇ 15.3, ಅವನ ತಲೆಗೇ. 2025ರ ಕಾನೂನು ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್‌ಗೆ ಫೆಡರಲ್ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು, ಒಳ್ಳೆಯದೇ. ಈ ಶೇ 15.3ರ ತಂಟೆಗೆ ಮಾತ್ರ ಅದು ಹೋಗಲಿಲ್ಲ.